ಓಗೊಟ್ಟ ಬಾವಿ

ನಮ್ಮೂರ ಬಾವಿಗೆ ತಳವಿಲ್ಲ ಎಂದು ನಾನು ನಲವತ್ತು ವರ್ಷ ನಂಬಿದ್ದೆ. ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ, ಊರಿಗೆ ಊರೇ ನಂಬಿತ್ತು. ಆ ಬಾವಿಗೆ ನಿಂಬೆಹಣ್ಣು ಹಾಕಿದರೆ ಮೂರನೆಯ ದಿನ ಅದು ಕೆಂಚನಗುಡ್ಡದ ಹತ್ತಿರ ತುಂಗಭದ್ರೆಯಲ್ಲಿ ತೇಲುತ್ತದೆ ಎನ್ನುತ್ತಿದ್ದರು. ಕುರುಗೋಡಿನ ಪಕ್ಕದ ನಮ್ಮೂರೆಲ್ಲಿ, ಸಿರುಗುಪ್ಪದಾಚೆಯ ಆ ಹೊಳೆಯೆಲ್ಲಿ. ನಿಂಬೆಹಣ್ಣು ಹಾಕಿದವರನ್ನು ನಾನು ಕಂಡಿದ್ದೇನೆ. ಅದನ್ನು ಹೊಳೆಯಲ್ಲಿ ಹಿಡಿದವರನ್ನು ಮಾತ್ರ ಯಾರೂ ಕಂಡಿರಲಿಲ್ಲ, ಕಂಡವರ ಹೆಸರನ್ನೂ ಯಾರೂ ಕೇಳಿರಲಿಲ್ಲ.

ಬಾವಿಗೆ ಬಿದ್ದ ಕೊಡಗಳನ್ನು ನಮ್ಮೂರವರು ಹುಡುಕುತ್ತಿರಲಿಲ್ಲ. ಹೊಳೆಗೆ ಹೋಯಿತು ಎಂದು ಕೈ ಮುಗಿದು ಮನೆಗೆ ಬರುತ್ತಿದ್ದರು. ನನ್ನ ಅಕ್ಕನನ್ನೂ ಕೊನೆಗೆ ಹಾಗೆಯೇ ಬಿಟ್ಟರು.

ನನಗೆ ಒಂಬತ್ತು ವರ್ಷ, ಅಕ್ಕನಿಗೆ ಹತ್ತೊಂಬತ್ತು. ಅತ್ತೆಯ ಮಗನಿಗೆ ಅವಳನ್ನು ಕೊಡುವುದೆಂದು ಅಪ್ಪ ಮಾತು ಕೊಟ್ಟಾಗಿತ್ತು. ಒಂದು ದಿನ ಮಟಮಟ ಮಧ್ಯಾಹ್ನ ಅವಳು ಹಿತ್ತಾಳೆ ಕೊಡ ಹೊತ್ತು ನೀರಿಗೆ ಹೋದಳು. ಎಷ್ಟು ಹೊತ್ತಾದರೂ ಬರಲಿಲ್ಲ. ಅವ್ವ ನೋಡಲು ಹೋದಳು, ಆಮೇಲೆ ಅವ್ವನ ಕೂಗು ಕೇಳಿ ಊರು ಹೋಯಿತು. ಬಾವಿಯ ಕಟ್ಟೆಯ ಮೇಲೆ ಕೊಡ ಖಾಲಿಯಾಗಿ ಮಗ್ಗುಲಾಗಿ ಬಿದ್ದಿತ್ತು. ತಲೆಯ ಮೇಲೆ ಕೊಡದಡಿ ಇಟ್ಟುಕೊಳ್ಳುವ ಬಟ್ಟೆಯ ಸಿಂಬಿ ನೀರಿನಲ್ಲಿ ತೇಲುತ್ತಿತ್ತು. ನೀರು ಸೇದಲು ಬಗ್ಗಿದಾಗ ಜಾರಿ ಬಿದ್ದಳು ಎಂದು ನೋಡಿದವರೆಲ್ಲ ಒಂದೇ ಬಾಯಲ್ಲಿ ಅಂದರು.

ಪಾತಾಳಗರಡಿ, ಅಂದರೆ ಸುತ್ತ ಕೊಕ್ಕೆಗಳಿರುವ ಕಬ್ಬಿಣದ ಗೊಂಚಲು, ತಂದು ಮೂರು ದಿನ ಜಾಲಾಡಿದರು. ಇಬ್ಬರು ಈಜುಗಾರರು ಇಳಿದು, ಕೆಳಗೆ ಮೈ ಕೊರೆಯುವ ತಣ್ಣೀರು, ಕಾಲಿಗೆ ತಳ ಸಿಗುವುದಿಲ್ಲ ಎಂದು ನಡುಗುತ್ತ ಮೇಲೆ ಬಂದರು. ಅಕ್ಕ ಸಿಗಲಿಲ್ಲ. ನನ್ನ ಇಬ್ಬರು ಚಿಕ್ಕಪ್ಪಂದಿರಿಗೆ ಆಗಲೇ ಅನುಮಾನ. ಬಳ್ಳಾರಿ ಬಸ್‌ಸ್ಟ್ಯಾಂಡು, ಗುಂತಕಲ್ ರೈಲ್ವೆ ಸ್ಟೇಷನ್ನು ನೋಡಿಬರುತ್ತೇವೆ ಎಂದು ಬಡಿಗೆ ಸಮೇತ ಹೊರಟು ನಿಂತಿದ್ದರು.

ಅವರನ್ನು ನಿಲ್ಲಿಸಿದವಳು ನಾನು.

ಐದನೆಯ ದಿನ ಮಧ್ಯಾಹ್ನ ಯಾರಿಗೂ ಹೇಳದೆ ಬಾವಿಗೆ ಹೋದೆ. ಕಾದ ಕಟ್ಟೆಯ ಮೇಲೆ ಬೋರಲು ಮಲಗಿ, ತಲೆ ಒಳಗೆ ಹಾಕಿ, ‘ಅಕ್ಕಾ’ ಎಂದು ಕೂಗಿದೆ. ನನ್ನ ದನಿಯೇ ಕೆಳಗೆ ಹೋಗಿ ದಪ್ಪಗಾಗಿ ತಿರುಗಿ ಬಂತು. ಅದು ನನಗೆ ಗೊತ್ತಿದ್ದ ಆಟ, ಹೆದರಲಿಲ್ಲ. ಆದರೆ ಅದು ಅಡಗಿದ ಮೇಲೆ, ಉಸಿರು ಹಿಡಿದು ಬಿಡುವಷ್ಟು ಹೊತ್ತಾದ ಮೇಲೆ, ಇನ್ನೊಂದು ದನಿ ಬಂತು. ‘ಓ’ ಎಂದಿತು. ಒಳಮನೆಯಲ್ಲಿ ಕೆಲಸ ಮಾಡುತ್ತಿರುವವರು ಕರೆದಾಗ ಓಗೊಡುತ್ತಾರಲ್ಲ, ಹಾಗೆ, ಮೆತ್ತಗೆ.

ನಾನು ಓಡಿದ ರಭಸಕ್ಕೆ ಮೊಣಕಾಲು ಒಡೆಯಿತು, ಗುರುತು ಇನ್ನೂ ಇದೆ. ಸಂಜೆಯೊಳಗೆ ಊರಿಗೆಲ್ಲ ಹೇಳಿದೆ. ಅಕ್ಕ ಬಾವಿಯೊಳಗೆ ಇದ್ದಾಳೆ, ಓ ಅಂದಳು, ಆಣೆ ಮಾಡಿ ಹೇಳುತ್ತೇನೆ. ಚಿಕ್ಕಪ್ಪಂದಿರು ಬಡಿಗೆ ಮೂಲೆಗಿಟ್ಟರು. ಸತ್ತವಳೇ ಓಗೊಟ್ಟ ಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಏನು ಕೆಲಸ? ಹೆಣ ಹೊಳೆಗೆ ಹೋಗಿದೆ, ಜೀವ ಇಲ್ಲಿದೆ ಎಂದು ಊರು ತೀರ್ಮಾನಿಸಿತು. ಅಂದಿನಿಂದ ಆ ಬಾವಿಯ ನೀರನ್ನು ಯಾರೂ ಸೇದಲಿಲ್ಲ, ಮುಚ್ಚುವ ಧೈರ್ಯವನ್ನೂ ಯಾರೂ ಮಾಡಲಿಲ್ಲ.

ಅಪ್ಪ ಮಾತ್ರ ಹೆಣವನ್ನಾದರೂ ತರುತ್ತೇನೆಂದು ಪ್ರತಿ ವಾರ ಬಸ್ಸು ಹತ್ತಿ ಕೆಂಚನಗುಡ್ಡಕ್ಕೆ ಹೋಗಿ ಹೊಳೆಯ ದಂಡೆಯಲ್ಲಿ ಅಡ್ಡಾಡುತ್ತಿದ್ದ. ಎರಡು ವರ್ಷ ಹೋದ. ಆಮೇಲೆ ಮಾತು ಕಡಿಮೆಯಾಯಿತು, ಊಟ ಕಡಿಮೆಯಾಯಿತು, ಹೋಗಿಬಿಟ್ಟ.

ಈಗ ಅವ್ವ ನನ್ನ ಜೊತೆ ಬಳ್ಳಾರಿಯಲ್ಲಿದ್ದಾಳೆ. ನಾನು ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿ ಇಪ್ಪತ್ತು ವರ್ಷದಿಂದ ಇದ್ದೇನೆ. ಹೊಲಿಯುತ್ತಿದ್ದೆ, ಈಗ ಹೊಲಿಯುವವರನ್ನು ಬಯ್ಯುತ್ತೇನೆ. ನನ್ನ ಬೆರಳುಗಳ ಸಂದಿಯ ನೀಲಿ ಎಷ್ಟು ಉಜ್ಜಿದರೂ ಹೋಗುವುದಿಲ್ಲ.

ಪ್ರತಿ ಅಮಾವಾಸ್ಯೆ ಅವ್ವ ಊರಿಗೆ ಹೋಗುತ್ತಾಳೆ. ತವರಿಗೆ ಬಂದ ಹೆಣ್ಣುಮಕ್ಕಳನ್ನು ಬರಿಗೈಲಿ ಕಳಿಸುವುದಿಲ್ಲ ನಾವು, ಉಡಿ ತುಂಬುತ್ತೇವೆ. ಅಕ್ಕಿ, ಅರಿಷಿಣ ಕೊಂಬು, ಎಲೆ ಅಡಿಕೆ, ಒಂದು ಡಜನ್ ಹಸಿರು ಬಳೆ, ಕೊಬ್ಬರಿ ಬಟ್ಟಲು. ಇಷ್ಟನ್ನೂ ಕುಪ್ಪಸದ ಖಣದಲ್ಲಿ ಗಂಟು ಕಟ್ಟಿ, ನನ್ನ ಯೂನಿಟ್ಟಿನಿಂದ ತಂದ ಜೀನ್ಸ್ ದಾರದಿಂದ ಬಿಗಿದು, ಜೊತೆಗೊಂದು ಕಲ್ಲು ಸೇರಿಸಿ ಅವ್ವ ಬಾವಿಗೆ ಬಿಡುತ್ತಾಳೆ. ಕಲ್ಲು ಯಾಕೆ ಎಂದರೆ, ‘ಮ್ಯಾಲ ತೇಲಿದ್ರ ಮಂದಿ ಕಣ್ಣು ಬೀಳ್ತೈತಿ, ಸೀದಾ ಹೋಗ್ಲಿ’ ಎನ್ನುತ್ತಾಳೆ. ಅವಳಿಗೆ ಮೊಣಕಾಲು ನೋವು ಬಂದ ಮೇಲೆ ನಾನೂ ಜೊತೆಗೆ ಹೋಗತೊಡಗಿದೆ. ಗಂಟು ಕೈಬಿಟ್ಟ ಮೇಲೆ ಒಂದು ಗಳಿಗೆ ಏನೂ ಕೇಳಿಸುವುದಿಲ್ಲ. ಆಮೇಲೆ ಸಪ್ಪಳವಾಗುತ್ತದೆ. ಆ ಒಂದು ಗಳಿಗೆಯಲ್ಲಿ ನಾನು ಕಟ್ಟೆಯಿಂದ ಹಿಂದೆ ಸರಿಯುತ್ತಿದ್ದೆ. ಐವತ್ತರ ಹತ್ತಿರದ ಹೆಂಗಸು ನಾನು, ಬಾವಿ ಈಗ ಓ ಅನ್ನುತ್ತದೆ ಎಂದು ಕಾಯುತ್ತಿದ್ದೆ.

ಹೀಗಿರುವಾಗ ಬಳ್ಳಾರಿಯಲ್ಲಿ ದೊಡ್ಡವರಿಗಾಗಿ ಒಂದು ವಿಜ್ಞಾನದ ತರಗತಿ ಶುರುವಾಯಿತು. ‘ನೆಲದೊಳಗಿನ ನೀರು, ಎಂಟು ಭಾನುವಾರ, ಓದು ಬಿಟ್ಟವರೂ ಬರಬಹುದು’ ಎಂಬ ಚೀಟಿಯನ್ನು ಯೂನಿಟ್ಟಿನ ಗೋಡೆಗೆ ಅಂಟಿಸಿದ್ದರು. ಪಿಯುಸಿಯಲ್ಲಿ ವಿಜ್ಞಾನ ಕೇಳಿದ್ದೆ, ಹೆಣ್ಣುಮಗಳಿಗೆ ಕಲೆ ಸಾಕು ಎಂದಿದ್ದರು. ಆ ಸಿಟ್ಟು ಆರಿರಲಿಲ್ಲ, ಹೋಗಿ ಹೆಸರು ಬರೆಸಿದೆ.

ನಾವು ಹನ್ನೊಂದು ಜನ. ಅದರಲ್ಲಿ ಒಬ್ಬರು ಫ್ಯಾನಿನ ಗಾಳಿಗೆ ನಿದ್ದೆ ಮಾಡಲು ಬರುತ್ತಿದ್ದರೆಂದು ನನ್ನ ಗುಮಾನಿ. ಕಲಿಸುವವರು ಕಾಲೇಜಿನಲ್ಲಿ ಭೂವಿಜ್ಞಾನ ಹೇಳಿ ನಿವೃತ್ತರಾದ ಮೇಡಂ. ಕೂದಲು ಪೂರ್ತಿ ಬಿಳಿ, ಹೆಗಲಲ್ಲಿ ಕಲ್ಲು ತುಂಬಿದ ಚೀಲ. ಅವರದು ಒಂದೇ ಕಟ್ಟುನಿಟ್ಟು: ‘ಅಳೆದದ್ದನ್ನು ಬರೆಯಿರಿ, ಅನ್ನಿಸಿದ್ದನ್ನು ಪಕ್ಕದಲ್ಲಿ ಬೇರೆ ಬರೆಯಿರಿ. ಎರಡನ್ನೂ ಕಲಸಬೇಡಿ.’ ಅದಕ್ಕಾಗಿ ನೋಟುಪುಸ್ತಕದ ನಡುವೆ ಗೆರೆ ಎಳೆಸಿದ್ದರು. ನನ್ನ ಪುಸ್ತಕದಲ್ಲಿ ‘ಅನ್ನಿಸಿದ್ದು’ ಕಡೆಯೇ ಬೇಗ ತುಂಬುತ್ತಿತ್ತು.

ಎರಡನೆಯ ಭಾನುವಾರ ಮೇಜಿನ ಮೇಲೆ ಮೂರು ತಟ್ಟೆ ಇಟ್ಟರು. ಒಂದರಲ್ಲಿ ಮರಳು, ಒಂದರಲ್ಲಿ ಸಿರುಗುಪ್ಪದ ಎರೆಮಣ್ಣು, ಒಂದರಲ್ಲಿ ನಮ್ಮ ಕಡೆಯ ಗುಡ್ಡದ ಕಲ್ಲು. ನೀರು ಹಾಕಿದರು. ಮರಳು ಕುಡಿಯಿತು, ಎರೆ ಮೆಲ್ಲಗೆ ಕುಡಿಯಿತು, ಕಲ್ಲು ಒದ್ದೆಯಾಗಿ ಸುಮ್ಮನಿತ್ತು. ಇಂಥ ಕಲ್ಲಿನಲ್ಲಿ ನೀರು ಹೋಗುವುದು ಬಿರುಕಿನಲ್ಲಿ ಮಾತ್ರ ಎಂದರು ಮೇಡಂ. ಬಿರುಕು ಎಷ್ಟು ಅಗಲ ಇರುತ್ತದೆ ಎಂದು ನಾನು ಕೇಳಿದೆ.

‘ಕೂದಲೆಳೆಯಷ್ಟು. ಒಂದು ಬೆರಳು ತೂರಿದರೆ ಬಹಳ ದೊಡ್ಡದು ಅನ್ನಬೇಕು,’ ಎಂದರು.

ಮನೆಗೆ ಬರುವಾಗ ಆಟೋದಲ್ಲಿ ನನ್ನ ತೋರುಬೆರಳನ್ನೇ ನೋಡುತ್ತ ಕೂತಿದ್ದೆ. ನೀಲಿ ಹತ್ತಿದ ಬೆರಳು. ಇದು ತೂರುವ ಬಿರುಕಿನಲ್ಲಿ ನನ್ನ ಅಕ್ಕ ಹೇಗೆ ತೂರಿದಳು?

ಮೂರನೆಯ ವಾರ, ನಿಮ್ಮ ಊರುಗಳಲ್ಲಿ ನೀರಿನ ಬಗ್ಗೆ ಏನೇನು ನಂಬಿಕೆಯಿದೆ ಹೇಳಿ, ಒಂದನ್ನು ಆರಿಸಿ ಪರೀಕ್ಷೆ ಮಾಡೋಣ ಎಂದರು ಮೇಡಂ. ಸಿರುಗುಪ್ಪದಿಂದ ಬರುತ್ತಿದ್ದ ಲಾರಿ ಮೇಸ್ತ್ರಿಯೊಬ್ಬರು ಎದ್ದು ನಿಂತರು. ಅರವತ್ತು ದಾಟಿದವರು, ಇಂಜಿನ್ ಬಿಚ್ಚಿದ ಹಾಗೆ ಮಾತನ್ನೂ ಒಂದೊಂದಾಗಿ ಬಿಚ್ಚಿಡುವವರು.

‘ಕುರುಗೋಡು ಕಡಿ ಒಂದು ಬಾವಿ ಐತ್ರಿ ಮೇಡಂ. ಅದಕ್ಕ ತಳ ಇಲ್ಲ. ಅದರಾಗ ಬಿದ್ದದ್ದು ಕೆಂಚನಗುಡ್ಡದ ಹೊಳ್ಯಾಗ ಏಳ್ತೈತಿ. ಹಿಂದ ಒಂದು ಹುಡುಗಿ ಬಿದ್ದಿತ್ತಂತ. ಮೈಮ್ಯಾಗಿನ ಬಳಿ ಸೈತ ಒಡೀದಂಗ ಹೊಳ್ಯಾಗ ಎದ್ದಳಂತ.’

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡರಂತೆ. ನನ್ನ ಕೈ ತಾನಾಗಿ ಮೊಣಕಾಲಿನ ಹಳೆಯ ಗುರುತಿಗೆ ಹೋಯಿತು. ‘ಏಳಲಿಲ್ಲ,’ ಎಂದೆ. ಎಲ್ಲರೂ ತಿರುಗಿದರು. ‘ಎದ್ದಿಲ್ಲ ಆಕಿ. ನಮ್ಮಪ್ಪ ಎರಡು ವರ್ಷ ಹುಡುಕಿದ್ದಾನ. ಆಕಿ ನಮ್ಮಕ್ಕ.’

ಮೇಸ್ತ್ರಿ ಕೂತುಕೊಂಡರು, ಮತ್ತೆ ಎದ್ದರು. ‘ತಂಗೆವ್ವ, ತಲಿಗೆ ಬಿಳಿ ಪಟಗ, ಕೈಯಾಗ ಒಂದು ಕೊಡಿ. ಅವರನು?’

ಹೌದೆಂದೆ. ಅಪ್ಪ ಮಳೆಯಿರಲಿ ಬಿಸಿಲಿರಲಿ ಕೊಡೆ ಬಿಡುತ್ತಿರಲಿಲ್ಲ.

‘ನಾ ಆವಾಗ ಹುಡುಗ ಮನಸ್ಯಾ. ಹೊಳಿಗೆ ಲಾರಿ ತೊಳ್ಯಾಕ ಹೋಗ್ತಿದ್ದೆ. ನೀರು ನೋಡಿಕೋತ ಹೋಗೋರು, ನೀರು ನೋಡಿಕೋತ ಬರೋರು. ಏನು ಹುಡುಕ್ತೀರಿ ಅಂದ್ರ ಹೇಳ್ತಿದ್ದಿಲ್ಲ. ಆ ದಂಡ್ಯಾಗ ಅವರು ಈಗೂ ಅಡ್ಡಾಡ್ತಾರ ಅಂತ ನಮ್ಮ ಮಂದಿ ಅಂತಾರ. ನಾ ನೋಡಿಲ್ಲ, ಸುಳ್ಳ್ಯಾಕ.’

ಬೇರೆ ಬಾವಿ ಆರಿಸೋಣ ಎಂದರು ಮೇಡಂ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಯಾರ ಮೇಲೆ ಎಂದರೆ ಹೇಳಲಾರೆ. ಅದೇ ಬಾವಿ ಆಗಬೇಕು, ಇಲ್ಲದಿದ್ದರೆ ನಾನು ಮುಂದಿನ ವಾರದಿಂದ ಬರುವುದಿಲ್ಲ ಎಂದೆ. ತರಗತಿ ಮುಗಿದ ಮೇಲೆ ಮೇಡಂ ನನ್ನನ್ನು ಪಕ್ಕಕ್ಕೆ ಕರೆದರು. ‘ಉತ್ತರ ಏನು ಬಂದರೂ ಅದರ ಜೊತೆ ನೀವು ಬದುಕಬೇಕಾಗುತ್ತದೆ. ನಿಮ್ಮ ತಾಯಿಯೂ ಬದುಕಬೇಕಾಗುತ್ತದೆ,’ ಎಂದರು.

ಅದು ನನಗೆ ತಿಳಿಯದ್ದೇನಲ್ಲ. ಬಾವಿಗೆ ದಾರಿ ಇದ್ದರೆ ಅಕ್ಕ ಸತ್ತಿದ್ದಾಳೆ. ದಾರಿ ಇಲ್ಲದಿದ್ದರೆ ಅವಳು ಬಾವಿಗೆ ಬಿದ್ದೇ ಇಲ್ಲ, ತನ್ನ ಕಾಲ ಮೇಲೆ ನಡೆದು ಹೋಗಿದ್ದಾಳೆ. ಹೋಗಿ ನಲವತ್ತು ವರ್ಷ ಒಂದು ಕಾಗದ ಹಾಕಿಲ್ಲ, ಅಪ್ಪ ಸತ್ತರೂ ಬಂದಿಲ್ಲ. ಸತ್ತ ಮಗಳಿಗೆ ತಿಂಗಳಿಗೊಮ್ಮೆ ಉಡಿ ಬಿಟ್ಟು ಅವ್ವ ಹೇಗೋ ನೆಮ್ಮದಿಯಾಗಿದ್ದಾಳೆ. ಬದುಕಿದ್ದೂ ಬಾರದ ಮಗಳನ್ನು ಈ ವಯಸ್ಸಿನಲ್ಲಿ ಅವಳ ಮಡಿಲಿಗೆ ಹಾಕುವುದು ಹೇಗೆ?

ಪಂಚಾಯಿತಿಯ ಅನುಮತಿ ಪಡೆದು ನಾಲ್ಕನೆಯ ಭಾನುವಾರ ಹೋದೆವು. ಬೆಳಿಗ್ಗೆ ತಲುಪಬೇಕಿತ್ತು, ದಾರಿಯಲ್ಲಿ ಟೆಂಪೋ ಪಂಕ್ಚರ್ ಆಗಿ ಬಾವಿಯ ಹತ್ತಿರ ಬರುವಾಗ ಸರಿಯಾಗಿ ಹನ್ನೆರಡು. ನೆರಳು ಕಾಲಡಿಗೆ ಬಂದಿತ್ತು. ಕಟ್ಟೆಯ ಪಕ್ಕದ ಹುಣಸೆಮರದಲ್ಲಿ ಒಂದು ಎಲೆ ಅಲುಗುತ್ತಿರಲಿಲ್ಲ. ಆ ಹೊತ್ತಿನಲ್ಲಿ ನಮ್ಮೂರಿನ ನಾಯಿ ಕೂಡ ಆ ಕಡೆ ಹೋಗುವುದಿಲ್ಲ. ದೂರದಲ್ಲಿ ನಿಂತು ನೋಡುತ್ತಿದ್ದ ಜನರಲ್ಲಿ ನನ್ನ ಗುರುತು ಹಿಡಿದವರಿದ್ದರು, ಯಾರೂ ಮಾತಾಡಿಸಲಿಲ್ಲ.

ಮೇಡಂ ಬಾವಿಯೊಳಗೆ ಬಗ್ಗಿ ಒಂದು ಚಪ್ಪಾಳೆ ತಟ್ಟಿದರು. ಒಂದು ಚಪ್ಪಾಳೆ ತಿರುಗಿ ಬಂತು. ಕೂಗಿದರು, ಕೂಗು ತಿರುಗಿ ಬಂತು. ಎಲ್ಲರೂ ಒಬ್ಬೊಬ್ಬರಾಗಿ ಕೂಗಿದರು, ಹೊಸದಾಗಿ ಮೈಕು ಸಿಕ್ಕವರ ಹಾಗೆ. ನನ್ನ ಸರದಿ ಬಂತು. ಕೂಗದೆ ಕೇಳಿದೆ, ‘ಎರಡು ಸಲ ತಿರುಗಿ ಬರಬಹುದಾ ಮೇಡಂ?’

‘ಈ ಬಾವಿಯಲ್ಲಿ ಇಲ್ಲ. ನೋಡಿದಿರಲ್ಲ, ಒಂದೇ.’

‘ಬೇರೆ ಮಾತಾಗಿ?’

ಅವರು ನನ್ನ ಮುಖ ನೋಡಿದರು. ‘ಬಾವಿ ನಾವು ಹೇಳಿದ್ದನ್ನೇ ಹೇಳುತ್ತದೆ. ತಾನಾಗಿ ಏನೂ ಹೇಳುವುದಿಲ್ಲ.’

ಹಾಗಾದರೆ ಅಂದು ಓ ಎಂದವರು ಯಾರು? ಗೆರೆಯ ಯಾವ ಕಡೆ ಬರೆಯಬೇಕೆಂದು ತಿಳಿಯದೆ ಪುಸ್ತಕ ಮುಚ್ಚಿದೆ.

ಆಮೇಲೆ ಅವರು ಚೀಲದಿಂದ ಒಂದು ಡಬ್ಬಿ ತೆಗೆದರು. ಅದರಲ್ಲಿದ್ದ ಪುಡಿ ಕುಂಕುಮದಂತೆ ಕೆಂಪಗಿತ್ತು. ಅದನ್ನು ಬಾವಿಗೆ ಸುರಿಯುವಾಗ ದೂರದಲ್ಲಿದ್ದ ಒಬ್ಬ ಅಜ್ಜಿ ಕೈ ಮುಗಿದಳು. ಕೆಂಪು ಪುಡಿ ನೀರಿಗೆ ಬಿದ್ದದ್ದೇ ಹಸಿರಾಯಿತು. ಬರಿಯ ಹಸಿರಲ್ಲ, ಒಳಗಿನಿಂದ ದೀಪ ಹಚ್ಚಿದಂಥ ಹಸಿರು. ಅದು ಬಳ್ಳಿಯ ಹಾಗೆ ಕವಲೊಡೆದು ಕೆಳಗೆ, ಇನ್ನೂ ಕೆಳಗೆ ಇಳಿಯುತ್ತ ಹೋಯಿತು. ನಡುಬಿಸಿಲಿನಲ್ಲಿ ಕಪ್ಪು ಬಾವಿ ಹೊಳೆಯತೊಡಗಿತು. ನಮ್ಮ ಹನ್ನೊಂದು ಜನರ ಮುಖಗಳೂ ಅದರಲ್ಲಿ ಹಸಿರಾಗಿ ಕಂಡವು. ನಾನು ಎಣಿಸಿದೆ, ಯಾಕೆಂದು ಗೊತ್ತಿಲ್ಲ. ಮೇಡಂ ಸೇರಿ ಹನ್ನೆರಡೇ ಇದ್ದವು. ಮತ್ತೆ ಎಣಿಸಿ ಖಾತ್ರಿ ಮಾಡಿಕೊಂಡೆ.

ಈ ಬಣ್ಣ ನೀರು ಹೋದಲ್ಲೆಲ್ಲ ಹೋಗುತ್ತದೆ, ಎಷ್ಟು ತೆಳುವಾದರೂ ನೀಲಿ ಟಾರ್ಚು ಬಿಟ್ಟರೆ ಗುರುತು ಹೇಳುತ್ತದೆ ಎಂದರು ಮೇಡಂ. ಕೊನೆಗೆ ಹಗ್ಗಕ್ಕೆ ಸೀಸದ ಗುಂಡು ಕಟ್ಟಿ ಇಳಿಬಿಟ್ಟರು. ಹಗ್ಗ ಹೋಯಿತು, ಹೋಯಿತು, ಆಮೇಲೆ ಸಡಿಲಾಯಿತು. ಐವತ್ತೆರಡು ಅಡಿ. ತಳ ಸಿಕ್ಕಿತು.

ಅಷ್ಟೇ. ಅದರಲ್ಲಿ ಪವಾಡವೇನೂ ಇರಲಿಲ್ಲ. ನಮ್ಮೂರವರ ಹಗ್ಗ ತಲೆತಲಾಂತರದಿಂದ ನೀರು ಮುಟ್ಟುವಷ್ಟೇ ಉದ್ದವಿತ್ತು. ತಳ ಇಲ್ಲವೆಂದು ಗೊತ್ತಿದ್ದ ಮೇಲೆ ಉದ್ದದ ಹಗ್ಗ ಯಾರು ತರುತ್ತಾರೆ?

ಐದನೆಯ ಮತ್ತು ಆರನೆಯ ಭಾನುವಾರ ಕೆಂಚನಗುಡ್ಡಕ್ಕೆ ಹೋಗಿ ಹೊಳೆಯ ಮೂರು ಜಾಗದಲ್ಲಿ ಬಾಟಲಿ ತುಂಬಿದೆವು. ಅಪ್ಪ ಅಡ್ಡಾಡಿದ ದಂಡೆಯ ಮೇಲೆ ಮೊದಲ ಸಲ ಕಾಲಿಟ್ಟೆ. ಎರಡು ಸಲ ಯಾರೋ ಹಿಂದೆ ಬರುತ್ತಿದ್ದಾರೆಂದು ನಿಂತೆ. ಮೇಸ್ತ್ರಿ ಮುಂದಿದ್ದರು, ಉಳಿದವರು ಅವರಿಗಿಂತ ಮುಂದಿದ್ದರು. ತರಗತಿಯಲ್ಲಿ ಕಿಟಕಿ ಮುಚ್ಚಿ, ಬಾಟಲಿಗಳ ಮೇಲೆ ನೀಲಿ ಟಾರ್ಚು ಬಿಟ್ಟರು. ಹೊಳೆಯ ನೀರು ಸುಮ್ಮನೆ ನೀರಾಗಿತ್ತು. ಪಕ್ಕದಲ್ಲಿ ಅಂದೇ ಬಾವಿಯಿಂದ ತುಂಬಿ ತಂದ ಬಾಟಲಿ ಎರಡು ವಾರ ಕಳೆದರೂ ಕಣ್ಣು ಕುಕ್ಕುವಂತೆ ಹಸಿರಾಗಿತ್ತು. ಆ ನೀರು ಎಲ್ಲಿಗೂ ಹೋಗಿರಲಿಲ್ಲ. ಎರಡು ವಾರದ ಲೆಕ್ಕದಿಂದಲೇ ಎಲ್ಲ ಹೇಳಲಾಗದು, ಒಂದಿಷ್ಟು ತೇವ ಎಲ್ಲೋ ಜಿನುಗುತ್ತಿರಬಹುದು, ಆದರೆ ಹೊಳೆಗೆ ದಾರಿಯಿದೆ ಎನ್ನಲು ಏನೂ ಇಲ್ಲ ಎಂದರು ಮೇಡಂ.

ಹೊರಗೆ ಬಂದಾಗ ಮೇಸ್ತ್ರಿ ನನ್ನ ಪಕ್ಕ ನಡೆಯುತ್ತ ನೆಲ ನೋಡಿಕೊಂಡು ಅಂದರು, ‘ಹೊಳಿ ದಂಡ್ಯಾಗ ಬೆಳದವ ನಾನು ತಂಗೆವ್ವ, ಬಾಳ ನೋಡೀನಿ. ನೀರಿಗೆ ಬಿದ್ದವರು ಎರಡು ಮೂರು ದಿನಕ್ಕ ಮ್ಯಾಲ ಬರ್ತಾರ. ಹೋಗಾಕ ದಾರಿ ಇಲ್ಲಂದ್ರ ಬಂದ ಬರಬೇಕು. ನಿಮ್ಮಕ್ಕ ಬರಲಿಲ್ಲಂದ್ರ…’

ಏಳನೆಯ ಭಾನುವಾರ ತಳದ ಕೆಸರು ತೆಗೆದು ನೋಡುವುದಿತ್ತು. ಅದಕ್ಕೆ ಊರಿನಿಂದ ಅದೇ ಹಳೆಯ ಪಾತಾಳಗರಡಿ ತರಿಸಿ ಮೇಡಂ ತಮ್ಮ ಉದ್ದದ ಹಗ್ಗಕ್ಕೆ ಕಟ್ಟಿದರು. ಮೊದಲ ಸಲ ಎಳೆದಾಗ ಕೊಕ್ಕೆಗೆ ಒಂದು ಗಂಟು ಸಿಕ್ಕಿಕೊಂಡು ಬಂತು. ಎರಡನೆಯ ಸಲ ಎರಡು ಬಂದವು. ಕೆಸರು ಮೆತ್ತಿ ಕಪ್ಪಾದ ಗಂಟುಗಳಿಂದ ಹಸಿರು ನೀರು ಸೋರುತ್ತಿತ್ತು. ಮಾಟ ಮಾಡಿಸಿದ್ದಾರೆ, ಮುಟ್ಟಬೇಡಿ ಎಂದು ಹಿಂದಿನಿಂದ ಯಾರೋ ಅಂದರು. ಜನ ಎರಡು ಹೆಜ್ಜೆ ಹಿಂದೆ ಸರಿದರು.

ನಾನು ಮುಟ್ಟಿದೆ. ಖಣ ಮೆದುವಾಗಿತ್ತು, ದಾರ ಮಾತ್ರ ಗಟ್ಟಿಯಿತ್ತು. ಜೀನ್ಸಿನ ಹಳದಿ ದಾರ, ನಾನೇ ಮನೆಗೆ ತಂದದ್ದು. ಬಿಚ್ಚಿದಾಗ ಕಲ್ಲು, ಕೊಳೆತ ಕೊಬ್ಬರಿ, ಅದರ ನಡುವೆ ಹನ್ನೆರಡು ಹಸಿರು ಬಳೆ. ಒಂದೂ ಒಡೆದಿರಲಿಲ್ಲ. ತೊಳೆದರೆ ಅಂಗಡಿಯಿಂದ ತಂದ ಹಾಗಿದ್ದವು. ಕೊಕ್ಕೆ ಇಳಿಸಿದಾಗಲೆಲ್ಲ ಕೆಳಗೆ ಗಾಜಿನ ಕಿಣಿಕಿಣಿ ಹಗ್ಗದಗುಂಟ ಕೈಗೆ ಬರುತ್ತಿತ್ತು. ಎಷ್ಟು ವರ್ಷದ ಉಡಿಯೋ ಅಲ್ಲಿ ಒಂದರ ಮೇಲೊಂದು ಕೂತಿತ್ತು. ಸಾಕು ಎಂದು ನಾನೇ ಹಗ್ಗ ಹಿಡಿದೆ.

ಮೂರು ಗಂಟುಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡು ಬಳ್ಳಾರಿಗೆ ಬಂದೆ. ಮಧ್ಯಾಹ್ನ ಮೂರು ಗಂಟೆ. ಅವ್ವ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು, ಬರುವ ಅಮಾವಾಸ್ಯೆಯದು. ನಾನು ಚೀಲವನ್ನು ಅವಳ ಮುಂದಿಟ್ಟು ಎದುರಿಗೆ ಕೂತೆ. ಬಾವಿಗೆ ತಳವಿದೆ, ಹೊಳೆಗೆ ದಾರಿಯಿಲ್ಲ, ಬಿದ್ದಿದ್ದರೆ ತೇಲಬೇಕಿತ್ತು, ಅಕ್ಕ ಬಿದ್ದಿಲ್ಲ. ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತುಗಳನ್ನು ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಅವಳ ಎದೆಗೇನಾದರೂ ಆದೀತೆಂದು ನೀರಿನ ಚೊಂಬು ಹತ್ತಿರವೇ ಇಟ್ಟುಕೊಂಡಿದ್ದೆ.

ಅವ್ವ ಒಂದು ಕಲ್ಲು ಆರಿಸಿ ಪಕ್ಕಕ್ಕೆ ಹಾಕಿದಳು. ‘ನನಗ ಗೊತ್ತಿಲ್ಲೇನಲೇ,’ ಎಂದಳು.

ನನಗೆ ಅರ್ಥವಾಗಲಿಲ್ಲ.

‘ಕೊಡ ತುಂಬಿತ್ತು. ತುಂಬಿ, ಸಿಂಬಿ ಮ್ಯಾಲ ಇಟ್ಟು ಹೋಗಿದ್ಲು. ಬೀಳಾಕಿ ಕೊಡ ತುಂಬಿಟ್ಟು ಬೀಳ್ತಾಳನು? ನಾ ಹೋಗೋದ್ರಾಗ ಸಿರುಗುಪ್ಪದ ಬಸ್ ಹೋದ ಸಪ್ಪಳ ಕೇಳ್ತು. ನೀರು ನಾನ ಚೆಲ್ಲಿದೆ. ಸಿಂಬಿ ನಾನ ಒಗದೆ. ಆಮ್ಯಾಲ ಕೂಗಿಕೊಂಡೆ.’

‘ಯಾಕವ್ವ?’

‘ಓಡಿ ಹೋದಾಕಿನ ಬೆನ್ನು ಹತ್ತತಾರ. ಸತ್ತಾಕಿನ ಯಾರು ಬೆನ್ನು ಹತ್ತತಾರ? ನಿಮ್ಮ ಚಿಗಪ್ಪಂದಿರ ಕೈಯಾಗ ಬಡಿಗಿ ನೋಡಿದ್ದಿಲ್ಲನು ನೀನು.’

ನೋಡಿದ್ದೆ. ಆ ಬಡಿಗೆ ಮೂಲೆ ಸೇರಿದ್ದು ಯಾಕೆಂಬುದೂ ನೆನಪಿತ್ತು. ‘ಅವತ್ತು ಬಾವ್ಯಾಗ ಓ ಅಂತು. ನಾ ಕೇಳೀನಿ,’ ಎಂದೆ.

ಅವ್ವ ಮೊರದಿಂದ ತಲೆ ಎತ್ತಲಿಲ್ಲ. ‘ಹುಣಸಿಗಿಡದ ಹಿಂದ ನಿಂತಿದ್ದೆ. ನೀ ಹೋಗೋದು ನೋಡಿ ಹಿಂದ ಬಂದಿದ್ದೆ. ನೀ ಕೇಳಿದ್ರ ಊರಿಗೆಲ್ಲ ಹೇಳ್ತಿ ಅಂತ ಗೊತ್ತಿತ್ತು. ಸಣ್ಣ ಕೂಸಿನ ಮಾತು ಮಂದಿ ನಂಬತಾರ.’

ಆ ದನಿ ಬಾವಿಯದಲ್ಲ, ಸತ್ತವಳದೂ ಅಲ್ಲ, ಇಷ್ಟು ವರ್ಷ ನನಗೆ ಅನ್ನ ಬಡಿಸಿದವಳದು. ನಲವತ್ತು ವರ್ಷ ನಾನು ಕನಸಿನಲ್ಲಿ ಬೆಚ್ಚಿದಾಗಲೆಲ್ಲ ಅವಳೇ ತಟ್ಟಿ ಮಲಗಿಸಿದ್ದಳು. ಒಂದು ಸಲವೂ ಬಾಯಿ ಬಿಟ್ಟಿರಲಿಲ್ಲ. ಸಿಟ್ಟು ಉಕ್ಕಿತು, ‘ಅಪ್ಪ?’ ಎಂದೆ. ‘ಎರಡು ವರ್ಷ ಹೊಳಿ ದಂಡಿ ತಿರುಗಿ ಸತ್ತನಲ್ಲ. ಅವಗಾದ್ರೂ?’

‘ಅವಗ ಹೇಳಿದ್ರ ತಮ್ಮಂದಿರಿಗೆ ಹೇಳ್ತಿದ್ದ. ಆ ಪಾಪ ನಂದು. ನಾ ಹೊತಗೊಂಡೀನಿ,’ ಎಂದಳು ಅವ್ವ. ಆಗ ಅವಳ ಕೈ ಮೊರದ ಮೇಲೆ ನಿಂತಿತು.

ಹಾಗಾದರೆ ಇಷ್ಟು ವರ್ಷ ಉಡಿ ಬಿಟ್ಟದ್ದು ಊರಿನ ಕಣ್ಣಿಗೆ ಮಣ್ಣೆರಚಲೇ ಎಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಅವ್ವ ಚೀಲದೊಳಗೆ ಕೈ ಹಾಕಿದಳು. ಒಂದು ಗಂಟು ತೆಗೆದಳು, ಬಳೆ ಎಣಿಸಿದಳು. ಇನ್ನೊಂದು ತೆಗೆದಳು, ಎಣಿಸಿದಳು. ಮೂರನೆಯದನ್ನು ಬಿಚ್ಚದೆ ಕೈಯಲ್ಲಿ ತಿರುಗಿಸಿ ನೋಡಿದಳು. ನಾನು ಅಷ್ಟೆಲ್ಲ ಹೇಳುವಾಗ ಅಲುಗದ ಅವಳ ಮುಖ ಆಗ ಕುಸಿಯಿತು.

‘ಸಿರುಗುಪ್ಪದ ಬಸ್ ಅದು. ಆಕಿ ಹೊಳಿ ದಾಟಿರ್ತಾಳ, ಇಲ್ಲಂದ್ರ ಹೊಳಿ ದಂಡ್ಯಾಗಿನ ಊರಾಗ ಎಲ್ಲರ ಇರ್ತಾಳ. ಬಾವ್ಯಾಗ ಬಿಟ್ಟದ್ದು ಹೊಳಿಗಿ ಹೋಗ್ತೈತಿ ಅಂತ ಎಲ್ಲರೂ ಅಂತಿದ್ರು. ಆಕಿ ಆ ನೀರಿಗೆ ಬರ್ತಾಳ, ತವರಿನ ಉಡಿ ಆಕಿ ಕಾಲಿಗಾದ್ರೂ ತಾಕ್ತೈತಿ ಅಂತಿದ್ದೆ.’ ಗಂಟನ್ನು ಮಡಿಲಲ್ಲಿ ಇಟ್ಟುಕೊಂಡು ನನ್ನನ್ನು ನೋಡಿದಳು. ‘ಅಂದ್ರ ಒಂದೂ ಮುಟ್ಟಿಲ್ಲೇನು ಆಕಿಗೆ?’

ಚೊಂಬನ್ನು ಅವಳ ಕಡೆ ಸರಿಸಿದೆ, ಅವಳು ಕುಡಿಯಲಿಲ್ಲ. ಅಕ್ಕನ ಸಾವಿನ ಸುಳ್ಳನ್ನು ಒಡೆಯಲು ಹೆದರಿ ಬಂದಿದ್ದೆ. ಅದು ಅವ್ವನದೇ ಸುಳ್ಳು. ನಾನು ಒಡೆದದ್ದು ಅವಳು ನಿಜವೆಂದು ನಂಬಿದ್ದ ಒಂದೇ ಒಂದನ್ನು.

ಎಂಟನೆಯ ಭಾನುವಾರ ಪ್ರಮಾಣಪತ್ರ ಕೊಟ್ಟರು, ನಾನು ಹೋಗಲಿಲ್ಲ. ಅಂದು ಅಮಾವಾಸ್ಯೆ. ಅವ್ವನನ್ನು ಕರೆದುಕೊಂಡು ಸಿರುಗುಪ್ಪದ ಬಸ್ಸು ಹತ್ತಿದೆ. ಕುರುಗೋಡು ಬಂದಾಗ ಅವಳು ಅಭ್ಯಾಸದಿಂದ ಏಳಲು ಹೋದಳು, ಇನ್ನೂ ಮುಂದೆ ಎಂದು ಕೂರಿಸಿದೆ. ಕೆಂಚನಗುಡ್ಡದಲ್ಲಿ ಇಳಿದು ಹೊಳೆಗೆ ಬರುವಾಗ ನಡುಹಗಲು. ದಂಡೆಯಲ್ಲಿ ಯಾರೂ ಇರಲಿಲ್ಲ. ಅಪ್ಪ ನಡೆದ ಜಾಗ ಇದು ಎಂದೆ. ಅವ್ವ ಬಗ್ಗಿ ಆ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡಳು.

ಈ ಸಲ ಗಂಟಿಗೆ ಕಲ್ಲು ಸೇರಿಸಿರಲಿಲ್ಲ. ಅವ್ವ ಮೊಣಕಾಲುದ್ದದ ನೀರಿಗೆ ಇಳಿದು ಅದನ್ನು ಬಿಟ್ಟಳು. ಅದು ಒಂದು ಸುತ್ತು ತಿರುಗಿ, ಹರಿವು ಸಿಕ್ಕಿ, ಮುಂದೆ ಹೋಯಿತು. ಕಣ್ಣಿಗೆ ಕಾಣುವಷ್ಟು ದೂರ ಹೋದ ಮೇಲೆ ಅವ್ವ ಎರಡೂ ಕೈಯನ್ನು ಬಾಯಿಯ ಹತ್ತಿರ ತಂದು ಅಕ್ಕನ ಹೆಸರು ಹಿಡಿದು ಕೂಗಿದಳು. ಆ ಹೆಸರನ್ನು ನಲವತ್ತು ವರ್ಷದಲ್ಲಿ ಅವಳ ಬಾಯಲ್ಲಿ ಕೇಳಿರಲಿಲ್ಲ.

ಹೊಳೆ ಬಾವಿಯಲ್ಲ, ಕೂಗು ತಿರುಗಿ ಬರಲಿಲ್ಲ. ಆಚೆ ದಂಡೆಯಲ್ಲಿ ಬಿಸಿಲು ನಿಂತಿತ್ತು. ಅವ್ವ ಕೈ ಇಳಿಸದೆ ಕಾಯುತ್ತ ನಿಂತಳು. ಉಸಿರು ಹಿಡಿದು ಬಿಡುವಷ್ಟು ಹೊತ್ತು ನಾನೂ ಕಾದೆ.

ಆಮೇಲೆ, ಅವಳ ಹಿಂದೆ ನಿಂತು, ಒಳಮನೆಯಲ್ಲಿ ಕೆಲಸ ಮಾಡುತ್ತಿರುವವರ ಹಾಗೆ, ಮೆತ್ತಗೆ ‘ಓ’ ಎಂದೆ.

ಅವ್ವ ತಿರುಗಿ ನೋಡಲಿಲ್ಲ. ಕೈ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡಳು.